ಸ್ಟ್ರೋಕ್ ಆದವರೆಲ್ಲರಿಗೂ ಹೆಪ್ಪು ಕರಗಿಸುವ ಇಂಜೆಕ್ಷನ್ ಯಾಕೆ ಸಿಗುವುದಿಲ್ಲ?

ಮುಖ್ಯ ಕಾರಣ ತಡ. ಆಲ್ಟಿಪ್ಲೇಸ್‌ನಂಥ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಬಹಳಷ್ಟು ಮಂದಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ.

ಗಡುವು ಯಾಕೆಂದರೆ, ನಾಳಕ್ಕೆ ಹೆಪ್ಪು ಅಡ್ಡವಾಗಿ ರಕ್ತ ಸಿಗದ ಮಿದುಳಿನ ಭಾಗದಲ್ಲಿ ಜೀವಕೋಶಗಳ ಜೊತೆಗೆ ರಕ್ತನಾಳದ ಗೋಡೆಯೂ ಹಾಳಾಗುತ್ತಾ ಹೋಗುತ್ತದೆ. ತಡವಾಗಿ ಹೆಪ್ಪು ಕರಗಿಸಿದರೆ ಉಳಿಸಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ, ಶಿಥಿಲವಾದ ನಾಳದಿಂದ ಮಿದುಳಿನೊಳಗೇ ರಕ್ತ ಸೋರುವ ಅಪಾಯ ಮಾತ್ರ ಉಳಿಯುತ್ತದೆ.

ಸಮಯದ ಲೆಕ್ಕ ಶುರುವಾಗುವುದು ರೋಗಿ ಕೊನೆಯ ಬಾರಿ ಚೆನ್ನಾಗಿದ್ದ ಹೊತ್ತಿನಿಂದ. ರಾತ್ರಿ 10ಕ್ಕೆ ಮಲಗಿದವರು ಬೆಳಿಗ್ಗೆ 6ಕ್ಕೆ ಬಾಯಿ ಸೊಟ್ಟಗಾಗಿ ಎದ್ದರೆ ಆಗಲೇ 8 ಗಂಟೆ ಕಳೆದಂತೆ. (ಎಂಆರ್‌ಐ ಮಾಡಿ ನೋಡಿ ಇಂಥ ಕೆಲವರಿಗೂ ಕೊಡುವುದುಂಟು.) ನೋವಿಲ್ಲದಿರುವುದೂ ಒಂದು ತೊಡಕೇ: ಎದೆನೋವು ಬಂದರೆ ಆಸ್ಪತ್ರೆಗೆ ಓಡುವವರು ಕೈ ಜೋಮು ಹಿಡಿದರೆ ಸ್ವಲ್ಪ ಮಲಗಿ ನೋಡೋಣ ಅನ್ನುತ್ತಾರೆ.

ಬೇಗ ಹೋದರೂ ಅಲ್ಲಿ ಸಿಟಿ ಸ್ಕ್ಯಾನ್ ಇಲ್ಲದಿದ್ದರೆ ಔಷಧಿ ಕೊಡುವಂತಿಲ್ಲ. ನಾಳ ಒಡೆದು ಆದ ಸ್ಟ್ರೋಕೂ ಹೊರಗಿನಿಂದ ಹೀಗೇ ಕಾಣುತ್ತದೆ. ಅದಕ್ಕೆ ಇದನ್ನು ಕೊಟ್ಟರೆ ಪ್ರಾಣಕ್ಕೇ ಕುತ್ತು. ಬಿಪಿ 185/110ಕ್ಕಿಂತ ಮೇಲಿದ್ದರೆ ಮೊದಲು ಇಳಿಸಬೇಕು. ಶುಗರ್ ತೀರಾ ಕಡಿಮೆಯಾದಾಗಲೂ ಇವೇ ಲಕ್ಷಣ ಬರಬಹುದಾದ್ದರಿಂದ ಅದನ್ನೂ ನೋಡುತ್ತಾರೆ. ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಯಾವುದು, ಕೊನೆಯದಾಗಿ ಯಾವಾಗ ನುಂಗಿದ್ದು ಎಂಬುದು ಗೊತ್ತಾಗಲೇಬೇಕು. ಚೀಟಿ ಮನೆಯಲ್ಲೇ ಬಿಟ್ಟುಬಂದರೆ ಅದನ್ನು ವಿಚಾರಿಸುವುದರಲ್ಲೇ ಹೊತ್ತು ಹೋಗುತ್ತದೆ.