ಓದುಗರ ಪ್ರಶ್ನೆ: ಕಿಣ್ವದ ವೇಗ ಅಳೆಯುವುದು ಹೇಗೆ?

ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚಿಸುವ ಪ್ರೋಟೀನುಗಳಾದ ಕಿಣ್ವಗಳ ಬಗ್ಗೆ ಬಂದಿರುವ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ನನ್ನ ಸಂಶೋಧನೆ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಮೇಲೆ. ಹಾಗಾಗಿ ಉತ್ತರಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಅಣುಗಳು ಕಣ್ಣಿಗೆ ಕಾಣುವುದೇ ಇಲ್ಲ. ಹಾಗಿದ್ದಮೇಲೆ ಕಿಣ್ವ ಎಷ್ಟು ಬೇಗ ಕೆಲಸ ಮಾಡುತ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? (ಒಬ್ಬ ಶಾಲಾ ಶಿಕ್ಷಕರು)

ಅಣು ಕಾಣದಿದ್ದರೂ ಅದು ಬೆಳಕನ್ನು ಹೀರಿಕೊಂಡದ್ದು ಯಂತ್ರಕ್ಕೆ ತಿಳಿಯುತ್ತದೆ. ನನ್ನ ಕಿಣ್ವ ಆಲ್ಕೋಹಾಲಿನಿಂದ ಹೈಡ್ರೋಜನ್ ಕಿತ್ತು ಎನ್‌ಎಡಿ ಎಂಬ ಇನ್ನೊಂದು ಅಣುವಿಗೆ ಕೊಡುತ್ತದೆ. ಆಗ ಅದು ಎನ್‌ಎಡಿಎಚ್ ಆಗುತ್ತದೆ. ಈ ಎನ್‌ಎಡಿಎಚ್ 340 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಎನ್‌ಎಡಿ ಆ ಬೆಳಕನ್ನು ಹೀರುವುದಿಲ್ಲ. ಕ್ಯುವೆಟ್ ಎಂಬ ಸಣ್ಣ ಪಾರದರ್ಶಕ ಪಾತ್ರೆಯಲ್ಲಿ ಬಫರ್ (ಆಮ್ಲೀಯತೆಯನ್ನು ಒಂದೇ ಮಟ್ಟದಲ್ಲಿ ಹಿಡಿಯುವ ದ್ರಾವಣ), ಆಲ್ಕೋಹಾಲ್, ಎನ್‌ಎಡಿ ಎಲ್ಲ ಹಾಕಿ, ಕೊನೆಗೆ ಪಿಪೆಟ್ಟಿನಿಂದ ಕಿಣ್ವ ಸೇರಿಸುತ್ತೇನೆ. ಪರದೆಯ ಮೇಲೆ ಒಂದು ಗೆರೆ ಏರತೊಡಗುತ್ತದೆ. ಆ ಏರು ಎಷ್ಟು ಕಡಿದಾಗಿದೆಯೋ ಕಿಣ್ವದ ವೇಗ ಅಷ್ಟು ಜಾಸ್ತಿ.

ಆ ಗೆರೆಯಲ್ಲಿ ನನಗೆ ಮುಖ್ಯವಾದದ್ದು ಶುರುವಿನ ತುಂಡು. ಸ್ವಲ್ಪ ಹೊತ್ತು ಕಳೆದರೆ ಆಲ್ಕೋಹಾಲ್ ಕಡಿಮೆಯಾಗಿರುತ್ತದೆ. ಹುಟ್ಟಿದ ವಸ್ತು ಕಿಣ್ವಕ್ಕೇ ಅಂಟಿಕೊಂಡು ದಾರಿ ಕಟ್ಟುತ್ತದೆ. ಕ್ರಿಯೆ ಹಿಮ್ಮುಖವಾಗಿಯೂ ನಡೆಯತೊಡಗುತ್ತದೆ. ಆಗ ಗೆರೆ ಬಾಗುತ್ತದೆ, ಯಾವುದರಿಂದ ಬಾಗಿತು ಅಂತ ಹೇಳುವುದು ಕಷ್ಟ. ಶುರುವಿನಲ್ಲಿ ಈ ಗೋಜಲು ಇರುವುದಿಲ್ಲ. ಎಷ್ಟು ಆಲ್ಕೋಹಾಲ್ ಇದೆ, ಎಷ್ಟು ಕಿಣ್ವ ಇದೆ ಅಂತ ಖಚಿತವಾಗಿ ಗೊತ್ತಿರುವುದು ಆಗ ಮಾತ್ರ.

ಇದನ್ನು ಶಿಸ್ತಾಗಿ ಮಾಡಿ ತೋರಿಸಿದವರು ಬರ್ಲಿನ್ನಿನಲ್ಲಿದ್ದ ಲಿಯೊನೊರ್ ಮಿಕೇಲಿಸ್ ಮತ್ತು ಕೆನಡಾದಿಂದ ಅಲ್ಲಿಗೆ ಬಂದಿದ್ದ ವೈದ್ಯೆ ಮಾಡ್ ಮೆಂಟೆನ್. 1913ರ ಅವರ ಪ್ರಬಂಧ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವದ ಬಗ್ಗೆ. ವಸ್ತು ಎಷ್ಟಿದ್ದರೆ ಕಿಣ್ವದ ವೇಗ ಎಷ್ಟು ಅಂತ ಹೇಳುವ ಅವರ ಸೂತ್ರದ ಮೂಲ ರೂಪ ವಿಕ್ಟರ್ ಆನ್ರಿ ಎಂಬುವವರದು, 1903ರಲ್ಲೇ ಬಂದಿತ್ತು. ಆದರೆ ಆನ್ರಿಯವರ ಅಳತೆಗಳಲ್ಲಿ ಎರಡು ತೊಡಕುಗಳಿದ್ದವು. ದ್ರಾವಣದ ಆಮ್ಲೀಯತೆಗೆ ಹಿಡಿತ ಇರಲಿಲ್ಲ. ಇನ್ನೊಂದು, ಆಗ ಸಕ್ಕರೆ ಎಷ್ಟು ಒಡೆದಿದೆ ಎಂದು ತಿಳಿಯುತ್ತಿದ್ದದ್ದು ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅನ್ನುವುದರಿಂದ. ಹೊಸದಾಗಿ ಬಿಡುಗಡೆಯಾದ ಗ್ಲೂಕೋಸ್ ನಿಧಾನವಾಗಿ ತನ್ನ ರೂಪ ಬದಲಿಸುತ್ತದೆ, ಆ ತಿರುವೂ ಅದರ ಜೊತೆ ಬದಲಾಗುತ್ತದೆ. ಮಿಕೇಲಿಸ್ ಮತ್ತು ಮೆಂಟೆನ್ ಅಸಿಟೇಟ್ ಬಫರ್ ಹಾಕಿ ಪಿಎಚ್, ಅಂದರೆ ಆಮ್ಲೀಯತೆಯ ಅಳತೆಯನ್ನು ಒಂದೇ ಮಟ್ಟದಲ್ಲಿ ಹಿಡಿದರು. ಬೇಕಾದ ಹೊತ್ತಿಗೆ ಕ್ಷಾರ ಬೆರೆಸಿದರು. ಅದರಿಂದ ಕಿಣ್ವವೂ ನಿಂತಿತು, ಗ್ಲೂಕೋಸಿನ ರೂಪ ಬದಲಾವಣೆಯೂ ಬೇಗ ಮುಗಿಯಿತು. ಆಮೇಲೆ ತಿರುವನ್ನು ಓದಿದರು. ಒಂದೇ ಹನಿಯಲ್ಲಿ ಎರಡು ಕೆಲಸ ಆಯಿತು! ಅವರ ಸೂತ್ರವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಈ ಅಳತೆಯ ಜಾಣ್ಮೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸಬ್‌ಸ್ಟ್ರೇಟ್ ಎರಡರಷ್ಟು ಹಾಕಿದರೂ ಕಿಣ್ವದ ವೇಗ ಎರಡರಷ್ಟು ಆಗುವುದಿಲ್ಲ ಅಂತ ಪಾಠದಲ್ಲಿದೆ. ಯಾಕೆ? (ಕಾಲೇಜು ವಿದ್ಯಾರ್ಥಿ)

ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಹಿಡಿದು ಬದಲಾಯಿಸುವ ವಸ್ತು, ಕಡಿಮೆ ಇದ್ದಾಗ ಹೆಚ್ಚುಕಮ್ಮಿ ಎರಡರಷ್ಟು ಆಗುತ್ತದೆ. ಜಾಸ್ತಿ ಆದಂತೆ ಖಾಲಿ ಕಿಣ್ವಗಳೇ ಉಳಿಯುವುದಿಲ್ಲ. ಒಂದೊಂದು ಕಿಣ್ವವೂ ತಾನು ಹಿಡಿದದ್ದನ್ನು ಮುಗಿಸಿ ಬಿಡಲು ಇಷ್ಟು ಹೊತ್ತು ಅಂತ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಬೇಗ ಆಗುವುದಿಲ್ಲ. ಗರಿಷ್ಠ ವೇಗದ ಅರ್ಧ ಸಿಗುವ ಸಾಂದ್ರತೆಗೆ ಮಿಕೇಲಿಸ್ ಸ್ಥಿರಾಂಕ ಅನ್ನುತ್ತೇವೆ. ಕಿಣ್ವ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನುವುದರ ಅಳತೆ ಅದೇ ಅಂತ ಬಾಯಿಪಾಠ ಮಾಡಬೇಡಿ. ಹಿಡಿದದ್ದನ್ನು ಕಿಣ್ವ ಹಾಗೇ ಬಿಟ್ಟುಬಿಡಬಹುದು, ಇಲ್ಲವೇ ಬದಲಾಯಿಸಿ ಬಿಡಬಹುದು. ಎರಡೂ ದಾರಿಗಳನ್ನು ಲೆಕ್ಕಕ್ಕೆ ತರಬೇಕು ಅಂತ ಬ್ರಿಗ್ಸ್ ಮತ್ತು ಹಾಲ್ಡೇನ್ 1925ರಲ್ಲೇ ತೋರಿಸಿದರು. ಬದಲಾಯಿಸುವ ದಾರಿ ತುಂಬ ನಿಧಾನವಾಗಿದ್ದರೆ ಮಾತ್ರ ಆ ಸ್ಥಿರಾಂಕ ಹಿಡಿತದ ಅಳತೆಯಾಗುತ್ತದೆ.

ಕಿಣ್ವ ಇಲ್ಲದಿದ್ದರೆ ಆ ಕ್ರಿಯೆ ನಡೆಯುವುದೇ ಇಲ್ವಾ? (ಒಬ್ಬ ಗೃಹಿಣಿ)

ನಡೆಯುತ್ತದೆ, ಆದರೆ ಕಾಯಲು ಆಗುವುದಿಲ್ಲ. ಡಿಎನ್‌ಎ, ಆರ್‌ಎನ್‌ಎ ಕಟ್ಟಲು ಬೇಕಾದ ಒಂದು ಮೂಲವಸ್ತುವನ್ನು ನಮ್ಮ ಜೀವಕೋಶ ತಯಾರಿಸುವಾಗ ಕೊನೆಗೆ ಒಂದು ಕಾರ್ಬನ್ ಡೈಆಕ್ಸೈಡ್ ಕಳಚಬೇಕು. ಕಿಣ್ವ ಇಲ್ಲದೆ, ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಕೆಲಸ ಅರ್ಧ ಮುಗಿಯಲು ಸುಮಾರು 7 ಕೋಟಿ 80 ಲಕ್ಷ ವರ್ಷ ಬೇಕು. 1995ರಲ್ಲಿ ರಾಡ್ಜಿಕಾ ಮತ್ತು ವುಲ್ಫೆಂಡನ್ ಇದನ್ನು ಕಂಡುಕೊಂಡರು. ಅಷ್ಟು ವರ್ಷ ಯಾರು ಕಾಯುತ್ತಾರೆ? ಅವರು ಅದೇ ಬಗೆಯ ಒಂದು ವಸ್ತುವನ್ನು ಮುಚ್ಚಿದ ಕೊಳವೆಯಲ್ಲಿ ತುಂಬ ಬಿಸಿ ಮಾಡಿ ವೇಗ ಅಳೆದರು. ಬಿಸಿ ಇಳಿದಂತೆ ವೇಗ ಹೇಗೆ ಇಳಿಯುತ್ತದೆ ಅನ್ನುವ ಗೆರೆಯನ್ನು 25 ಡಿಗ್ರಿಯವರೆಗೆ ಮುಂದುವರಿಸಿದರು. ಕಿಣ್ವ ಅದೇ ಕೆಲಸವನ್ನು ಸೆಕೆಂಡಿನ ಚಿಕ್ಕ ಚೂರಿನಲ್ಲಿ ಮುಗಿಸುತ್ತದೆ. ಅದಕ್ಕೆ ಲೋಹದ ನೆರವೂ ಬೇಡ, ಬೇರೆ ಸಹಾಯಕ ಅಣುವೂ ಬೇಡ.

ಒಂದು ಮಾತು ಮರೆಯಬಾರದು. ಕ್ರಿಯೆ ಕೊನೆಗೆ ಎಲ್ಲಿಗೆ ಬಂದು ನಿಲ್ಲಬೇಕು ಅನ್ನುವುದನ್ನು ಕಿಣ್ವ ಬದಲಿಸುವುದಿಲ್ಲ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಸಮವಾಗಿ ಸುಲಭ ಮಾಡುತ್ತದೆ ಅಷ್ಟೇ.

ಮೆಥನಾಲ್ ಕುಡಿದು ವಿಷವೇರಿದವರಿಗೆ ಕೆಲವೊಮ್ಮೆ ಎಥನಾಲ್ ಕೊಡುವುದನ್ನು ನೋಡಿದ್ದೇನೆ. ವಿಷಕ್ಕೆ ಮದ್ಯ ಮದ್ದಾಗುವುದು ಹೇಗೆ? (ಆಸ್ಪತ್ರೆಯ ಒಬ್ಬ ನರ್ಸ್)

ಈ ಪ್ರಶ್ನೆ ನೋಡಿ ತುಂಬ ಸಂತೋಷವಾಯಿತು. ನನ್ನ ಕಿಣ್ವವೇ ಇಲ್ಲಿನ ಮುಖ್ಯ ಪಾತ್ರ. ಮೆಥನಾಲಿಗಿಂತ ಅದರಿಂದ ಹುಟ್ಟುವ ವಸ್ತುಗಳೇ ಅಪಾಯ. ಪಿತ್ತಜನಕಾಂಗದಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಅದು ಬೇಗನೆ ಫಾರ್ಮಿಕ್ ಆಮ್ಲವಾಗುತ್ತದೆ. ಜೀವಕೋಶಗಳು ಆಮ್ಲಜನಕ ಬಳಸುವುದನ್ನು ಈ ಆಮ್ಲ ತಡೆಯುತ್ತದೆ. ಕಣ್ಣಿನ ನರಕ್ಕೆ ಪೆಟ್ಟು ಬೀಳುವುದು ಇದರಿಂದ.

ಎಥನಾಲ್ ಮತ್ತು ಮೆಥನಾಲ್ ಎರಡಕ್ಕೂ ಕಿಣ್ವದಲ್ಲಿ ಇರುವುದು ಒಂದೇ ಜಾಗ. ಎಥನಾಲಿನ ಮಿಕೇಲಿಸ್ ಸ್ಥಿರಾಂಕ ಮೆಥನಾಲಿಗಿಂತ ತುಂಬ ಕಡಿಮೆ. ಅಂದರೆ ಸ್ವಲ್ಪವೇ ಇದ್ದರೂ ಅದು ಹೆಚ್ಚಿನ ಕಿಣ್ವಗಳನ್ನು ತುಂಬಿಕೊಳ್ಳುತ್ತದೆ. ಮೆಥನಾಲಿಗೆ ಜಾಗ ಸಿಗುವುದಿಲ್ಲ. ಅದು ಮೆಥನಾಲಾಗಿಯೇ ಉಳಿದು ಉಸಿರು, ಮೂತ್ರ, ಡಯಾಲಿಸಿಸ್ ಮೂಲಕ ಹೊರಗೆ ಹೋಗುತ್ತದೆ.

ಆದರೆ ಎಥನಾಲನ್ನೂ ಕಿಣ್ವ ತಿನ್ನುತ್ತಲೇ ಇರುತ್ತದೆ, ಅಲ್ವಾ? ಅದಕ್ಕೇ ನೀವು ಗಂಟೆಗಂಟೆಗೆ ರಕ್ತ ಪರೀಕ್ಷೆ ಮಾಡಿ, ಡ್ರಿಪ್ ಸರಿಪಡಿಸುವುದು. ಸಾಮಾನ್ಯವಾಗಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂ ಎಥನಾಲ್ ಆದರೂ ಇರುವಂತೆ ನೋಡಿಕೊಳ್ಳುತ್ತಾರೆ. ಫೊಮೆಪಿಜೋಲ್ ಎಂಬ ಔಷಧ ಇದಕ್ಕಿಂತ ಒಳ್ಳೆಯದು. ಅದು ಆ ಜಾಗದಲ್ಲಿ ಸಾವಿರಾರು ಪಟ್ಟು ಬಿಗಿಯಾಗಿ ಕೂರುತ್ತದೆ, ಅಮಲೂ ಇಲ್ಲ. ಬೇರೆ ಓದುಗರಿಗೆ ಒಂದು ಮಾತು. ಇದು ಆಸ್ಪತ್ರೆಯಲ್ಲಿ ವೈದ್ಯರು ಮಾಡುವ ಚಿಕಿತ್ಸೆ. ಮನೆಯಲ್ಲಿ ಮದ್ಯ ಕುಡಿಸಿ ಹೊತ್ತು ಕಳೆಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ನೂರು ವರ್ಷದ ಹಳೆಯ ವಿಷಯ. ಇದರಲ್ಲಿ ಸಂಶೋಧನೆ ಮಾಡಲು ಇನ್ನೇನು ಉಳಿದಿದೆ? (ಎಂಎಸ್ಸಿ ವಿದ್ಯಾರ್ಥಿನಿ)

ಬೇಕಾದಷ್ಟು ಉಳಿದಿದೆ. ಆಲ್ಕೋಹಾಲಿನ ಹೈಡ್ರೋಜನ್ ಜಾಗದಲ್ಲಿ ಅದರದೇ ಇನ್ನೊಂದು ರೂಪವಾದ, ಎರಡರಷ್ಟು ಭಾರದ ಡ್ಯೂಟೀರಿಯಮ್ ಇಟ್ಟರೆ ಕಿಣ್ವದಲ್ಲಿ ಆ ಹೆಜ್ಜೆ ನಿಧಾನವಾಗುತ್ತದೆ. ಎಷ್ಟು ನಿಧಾನ ಅನ್ನುವುದರಿಂದ ಹೈಡ್ರೋಜನ್ ಹೇಗೆ ದಾಟಿತು ಅಂತ ಊಹಿಸಬಹುದು. 1989ರಲ್ಲಿ ಜೂಡಿತ್ ಕ್ಲಿನ್‌ಮನ್ ಮತ್ತು ಸಂಗಡಿಗರು ಯೀಸ್ಟಿನ ಆಲ್ಕೋಹಾಲ್ ಡಿಹೈಡ್ರೋಜಿನೇಸಿನಲ್ಲಿ ಹೈಡ್ರೋಜನ್, ಡ್ಯೂಟೀರಿಯಮ್, ಮೂರರಷ್ಟು ಭಾರದ ಟ್ರಿಷಿಯಮ್ ಮೂರನ್ನೂ ಹೋಲಿಸಿದರು. ಹೈಡ್ರೋಜನ್ ಶಕ್ತಿಯ ದಿಬ್ಬವನ್ನು ಹತ್ತಿ ಇಳಿಯುವ ಬದಲು ಅದರೊಳಗೇ ತೂರಿಹೋಗುತ್ತಿತ್ತು. ಕ್ವಾಂಟಂ ಟನೆಲಿಂಗ್ ಅಂದರೆ ಇದೇ. ಕಿಣ್ವದ ಸಣ್ಣ ಅಲುಗಾಟಗಳು ಈ ತೂರುವಿಕೆಗೆ ಸಹಾಯ ಮಾಡುತ್ತವೆಯೇ ಅನ್ನುವ ಚರ್ಚೆ ಇನ್ನೂ ಬಿಸಿಯಾಗಿಯೇ ಇದೆ. ನಾನು ಕಿಣ್ವದ ಒಂದೊಂದೇ ಅಮೈನೋ ಆಮ್ಲ ಬದಲಿಸಿ, ಬೇರೆಬೇರೆ ಉಷ್ಣತೆಯಲ್ಲಿ ಈ ಅಳತೆಯನ್ನೇ ಮಾಡುತ್ತಿರುವುದು.

ಈ ಕಡೆಗೆ ಬರುವ ಆಸೆ ಇದ್ದರೆ ಭೌತ ರಸಾಯನಶಾಸ್ತ್ರವನ್ನು ಗಟ್ಟಿ ಮಾಡಿಕೊಳ್ಳಿ, ಡಿಫರೆನ್ಷಿಯಲ್ ಸಮೀಕರಣಗಳಿಗೆ ಹೆದರಬೇಡಿ. ದೊಡ್ಡ ಯಂತ್ರ ಇಲ್ಲ ಅಂತ ಕೊರಗುವುದೂ ಬೇಡ. ಬೆಳಕು ಎಷ್ಟು ಹೀರಿಕೆಯಾಯಿತು ಅಂತ ಅಳೆಯುವ ಒಂದು ಸ್ಪೆಕ್ಟ್ರೋಫೋಟೋಮೀಟರ್, ಪಿಎಚ್ ಸರಿ ಇರುವ ಬಫರ್, ನಡುಗದೆ ಪಿಪೆಟ್ ಹಿಡಿಯುವ ಕೈ ಇದ್ದರೆ ಮುಂದಿನ ವಾರವೇ ಶುರು ಮಾಡಬಹುದು.