ಇಪ್ಪತ್ತಕ್ಕೆ ಒಂದು ಕರೆ

ಅಮೆರಿಕದ ಮಿಲ್ವಾಕಿಯಲ್ಲಿ ನಾನು ಆಪ್ತಸಲಹೆಗಾರ್ತಿ. ಬರುವವರಲ್ಲಿ ಆಫ್ರಿಕನ್ ಅಮೆರಿಕನ್ ಗಂಡಸರೇ ಜಾಸ್ತಿ. ಕೆಲಸ ಹೋಗಿರುತ್ತದೆ, ಬಾಕಿ ಏರಿರುತ್ತದೆ, ಮಕ್ಕಳ ಮುಖ ನೋಡಿ ತಿಂಗಳುಗಳಾಗಿರುತ್ತವೆ. ಇದೇ ಕಥೆ ಬೇರೆ ಬೇರೆ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ! ಅದರಲ್ಲಿ ಒಂದನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. ಮಾರ್ಕಸ್ ಅನ್ನೋದು ನಾನಿಟ್ಟ ಹೆಸರು.

ಮಾರ್ಕಸ್‌ಗೆ 34 ವರ್ಷ. ಹತ್ತೊಂಬತ್ತರ ವಯಸ್ಸಿನಲ್ಲಿ ಡ್ರಗ್ಸ್ ಕೇಸಿನಲ್ಲಿ ಜೈಲಿಗೆ ಹೋಗಿ ಬಂದವರು. ಗೋದಾಮಿನ ಕೆಲಸ ಹೋಗಿ ಏಳು ತಿಂಗಳಾಗಿತ್ತು. ಇಬ್ಬರು ಮಕ್ಕಳು ಅವರ ತಾಯಿಯ ಜೊತೆ ಬೇರೆ ಇದ್ದಾರೆ, ಅವರಿಗೆ ಪ್ರತಿ ತಿಂಗಳು ಚೈಲ್ಡ್ ಸಪೋರ್ಟ್, ಅಂದರೆ ಮಕ್ಕಳ ಪಾಲನೆಗೆ ಕೋರ್ಟ್ ಗೊತ್ತುಮಾಡಿದ ಹಣ, ಕಟ್ಟಬೇಕು. ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಬಂದಿದ್ದರು.

ಮೊದಲ ಎರಡು ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಬೆಳಿಗ್ಗೆ ಬೇಗ ಏಳುವುದು, ಅರ್ಜಿ ಹಾಕುವುದು, ಸಂದರ್ಶನಕ್ಕೆ ಹೇಗೆ ಹೋಗಬೇಕು, ಬರೀ ಇದನ್ನೇ ಮಾತಾಡಿದೆ. ಸಮಾಜದ ಅಡ್ಡಿಗಳ ಮಾತೆತ್ತಿದರೆ ಅವರಿಗೆ ನೆಪ ಸಿಕ್ಕಿಬಿಡುತ್ತದೆ ಅಂತ ಹೆದರಿದ್ದೆ.

ಮೂರನೇ ಭೇಟಿಯಲ್ಲಿ ಅವರು ಕೂತ ಕೂಡಲೇ ಕೇಳಿದರು. “ಚರ್ಚಿನ ಹಿರಿಯರು ನೆಪ ಹೇಳಬೇಡ ಅಂತಾರೆ. ನನ್ನ ತಮ್ಮ, ಈ ದೇಶ ನಮ್ಮನ್ನು ಮೇಲೆ ಬರೋಕೆ ಬಿಡೋದೇ ಇಲ್ಲ ಅಂತಾನೆ. ಯಾರು ಸರಿ, ಮ್ಯಾಮ್? ನೀವು ಒಂದು ಸಲವೂ ಹೇಳಿಲ್ಲ.”

ಆಗ ನಾನು ಇದೇ ಊರಿನಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಹೇಳಿದೆ. ಡೆವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಮಿಲ್ವಾಕಿಯಲ್ಲಿ ಯುವಕರನ್ನು ಜೋಡಿ ಜೋಡಿಯಾಗಿ ಸಣ್ಣ ಕೆಲಸಗಳಿಗೆ ಅರ್ಜಿ ಹಾಕಲು ಕಳಿಸಿದರು. ಓದು, ಅನುಭವ ಎಲ್ಲ ಒಂದೇ ತರಹ ತೋರಿಸಿದ್ದರು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಜೈಲಿನ ದಾಖಲೆ ಇಲ್ಲದ ಬಿಳಿಯರಿಗೆ ನೂರಕ್ಕೆ 34 ಕಡೆಯಿಂದ ಕರೆ ಬಂತು. ದಾಖಲೆ ಇದ್ದ ಬಿಳಿಯರಿಗೆ 17. ದಾಖಲೆಯೇ ಇಲ್ಲದ ಕಪ್ಪು ಯುವಕರಿಗೆ 14. ದಾಖಲೆ ಇದ್ದ ಕಪ್ಪು ಯುವಕರಿಗೆ 5.

ಮಾರ್ಕಸ್ ತುಂಬ ಹೊತ್ತು ಮಾತಾಡಲಿಲ್ಲ. ಇವರನ್ನು ಇನ್ನೂ ಕುಗ್ಗಿಸಿಬಿಟ್ಟೆನಾ ಅಂತ ನನಗೆ ಭಯವಾಯಿತು. ಆಮೇಲೆ ಬೆರಳು ಮಡಚುತ್ತಾ ಲೆಕ್ಕ ಹಾಕಿದರು.

“ನೂರಕ್ಕೆ ಐದು ಅಂದ್ರೆ ಇಪ್ಪತ್ತಕ್ಕೆ ಒಂದು. ಬಿಳಿಯವನಿಗೆ ಮೂರು ಅರ್ಜಿ ಸಾಕು, ನನಗೆ ಇಪ್ಪತ್ತು ಬೇಕು. ನಾನು ಹನ್ನೊಂದಕ್ಕೆ ನಿಲ್ಲಿಸಿಬಿಟ್ಟೆ, ಮ್ಯಾಮ್. ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದೆ.”

ಆ ಅಂಕಿ ಅವರಿಗೆ ನೆಪವಾಗಲಿಲ್ಲ. ಹನ್ನೊಂದು ಬಾರಿ ಬಾಗಿಲು ಮುಚ್ಚಿದ್ದು ತನ್ನ ಯೋಗ್ಯತೆಯ ತೀರ್ಪಲ್ಲ ಅಂತ ಗೊತ್ತಾಯಿತು, ಅಷ್ಟೇ. ಇಂಥ ಅಂಕಿ ಹೇಳಬಾರದು, ಧೈರ್ಯ ಕೆಡುತ್ತದೆ ಅಂತ ಸಹೋದ್ಯೋಗಿಗಳು ಅಂದಿದ್ದಾರೆ. ನಾನು ಒಪ್ಪಲಾರೆ. ಅಡ್ಡಿಯನ್ನು ಮುಚ್ಚಿಟ್ಟರೆ ಮನುಷ್ಯ ಎಲ್ಲ ಸೋಲನ್ನೂ ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಹಾಗಂತ ಇಪ್ಪತ್ತು ಅರ್ಜಿ ನ್ಯಾಯ ಅಂತ ನಾನು ಹೇಳುತ್ತಿಲ್ಲ. ಅದು ಘೋರ ಅನ್ಯಾಯ. ಅದನ್ನು ಅವರ ಎದುರಿಗೇ ಹೇಳಿದೆ.

ಅದೇ ದಿನ ಅವರು ಚೀಲದಿಂದ ಒಂದು ಕಟ್ಟು ಲಕೋಟೆ ತೆಗೆದರು. ಎಲ್ಲ ಚೈಲ್ಡ್ ಸಪೋರ್ಟ್ ಕಚೇರಿಯವು. ಒಂದನ್ನೂ ಒಡೆದಿರಲಿಲ್ಲ. ಇಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ. 1986ರಿಂದ ಇಲ್ಲಿ ಒಂದು ಫೆಡರಲ್ ಕಾನೂನಿದೆ. ಒಮ್ಮೆ ಬಾಕಿ ಬಿದ್ದ ಚೈಲ್ಡ್ ಸಪೋರ್ಟನ್ನು ನ್ಯಾಯಾಧೀಶರೂ ಹಿಂದಿನಿಂದ ಕಡಿಮೆ ಮಾಡುವಂತಿಲ್ಲ. ಸಂಪಾದನೆ ಇಳಿದಿದೆ, ಮೊತ್ತ ಇಳಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಿ, ಅದರ ನೋಟಿಸ್ ಎದುರು ಪಕ್ಷಕ್ಕೆ ಕೊಟ್ಟ ಮೇಲಿನ ದಿನಗಳಿಗೆ ಮಾತ್ರ ಇಳಿಸಬಹುದು. ಏಳು ತಿಂಗಳ ಹಿಂದೆಯೇ ಹಾಕಿದ್ದರೆ ಇಷ್ಟು ಬಾಕಿ ಬೆಳೆಯುತ್ತಿರಲಿಲ್ಲ. “ಈ ಕಾನೂನು ಕಠಿಣ, ಒಪ್ಪುತ್ತೇನೆ. ಆದರೆ ಲಕೋಟೆ ಒಡೆಯದೇ ಇದ್ದದ್ದು ನೀವು” ಅಂದೆ. ಅವರು ತಲೆಯಾಡಿಸಿದರು. ಮೊದಲನೇ ದಿನವೇ ಹೀಗೆ ಹೇಳಿದ್ದರೆ ಎದ್ದು ಹೋಗುತ್ತಿದ್ದರೇನೋ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ಕೋರ್ಟಿನ ಅರ್ಜಿ, ಈ ವಾರವೇ. ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋರ್ಟ್ ದಾಖಲೆ ಆನ್‌ಲೈನ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ, ಜನ ಅದನ್ನು ಸಿ-ಕ್ಯಾಪ್ ಅಂತಾರೆ. ಮಾಲೀಕರು ನೋಡುವ ಮೊದಲು ನೀವೇ ನಿಮ್ಮ ಪುಟ ನೋಡಿ, ಹಳೇ ಕೇಸಿನ ಬಗ್ಗೆ ಕೇಳಿದರೆ ಎರಡು ವಾಕ್ಯದಲ್ಲಿ ನಿಜ ಹೇಳಿ. ಜೈಲಿನಿಂದ ಬಂದವರನ್ನು ಕೆಲಸಕ್ಕೆ ತೆಗೆದುಕೊಂಡರೆ ಮಾಲೀಕರಿಗೆ ಮೊದಲ ಆರು ತಿಂಗಳು ಉಚಿತ ಬಾಂಡ್ ಕೊಡುವ ಸರ್ಕಾರಿ ಯೋಜನೆ 1966ರಿಂದ ಇದೆ. ಅದು ವಿಮೆ ಇದ್ದ ಹಾಗೆ, ಆ ಕೆಲಸಗಾರನ ಕಳ್ಳತನದಿಂದ ನಷ್ಟವಾದರೆ ತುಂಬಿಕೊಡುತ್ತದೆ. ಆ ಕಾಗದ ಕೈಯಲ್ಲಿರಲಿ. ಎಷ್ಟನೇ ಅರ್ಜಿ ಅಂತ ಪುಸ್ತಕದಲ್ಲಿ ಬರೆಯುತ್ತಾ ಹೋಗಿ.

ಇಲ್ಲಿನ ನಮ್ಮ ಕನ್ನಡದವರಿಗೂ ಒಂದು ಮಾತು. ಹಬ್ಬದೂಟದಲ್ಲಿ ಕೂತು “ನಾವು ಎರಡು ಸೂಟ್‌ಕೇಸ್ ಹಿಡಿದು ಬಂದು ಮನೆ ಕಟ್ಟಲಿಲ್ವಾ, ಇವರಿಗೇನು ಕಷ್ಟ?” ಅಂತ ಕೇಳುತ್ತೀರಿ. ಬಹಳ ನೋವಾಗುತ್ತದೆ. ನಮಗೆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಗಿಳಿದು ನಾಗರಿಕ ಹಕ್ಕಿಗೆ ಹೋರಾಡಿದ ಕಾಲದಲ್ಲೇ ಅದು ಬಂತು. ಆ ಬಾಗಿಲಲ್ಲಿ ಒಳಗೆ ಬಂದವರು ಹೆಚ್ಚಾಗಿ ಡಿಗ್ರಿ ಇದ್ದವರು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಈ ಊರಿನ ನಕ್ಷೆಯಲ್ಲಿ ಕಪ್ಪು ಜನರ ಬೀದಿಗಳಿಗೆ ಕೆಂಪು ಬಣ್ಣ ಬಳಿದು, ಮನೆಸಾಲಕ್ಕೆ ಅಪಾಯದ ಜಾಗ ಅಂತ ಗುರುತು ಹಾಕಿತು. ನಮ್ಮ ಸೂಟ್‌ಕೇಸಿನಲ್ಲಿ ಆ ಭಾರ ಇರಲಿಲ್ಲ.

ಮುಂದಿನ ಸೋಮವಾರ ಮಾರ್ಕಸ್ ಕೋರ್ಟಿಗೆ ಹೋಗಿ ಅರ್ಜಿ ಕೊಟ್ಟರು. ಕೆಲಸದ ಕರೆ ಇಪ್ಪತ್ತನೇ ಅರ್ಜಿಗೆ ಬರಲಿಲ್ಲ, ಇಪ್ಪತ್ತಾರನೆಯದಕ್ಕೆ ಬಂತು. ಪ್ಯಾಕಿಂಗ್ ಕಾರ್ಖಾನೆ, ಎರಡನೇ ಪಾಳಿ. ಪಾಳಿ ಮುಗಿಯುವ ಹೊತ್ತಿಗೆ ಬಸ್ ಇಲ್ಲ, ಒಬ್ಬ ಸಹೋದ್ಯೋಗಿಯ ಕಾರಿನಲ್ಲಿ ಮನೆಗೆ ಬರುತ್ತಾರೆ. ಆ ಏಳು ತಿಂಗಳ ಬಾಕಿ ಈಗಲೂ ಸಂಬಳದಲ್ಲಿ ಕಡಿತವಾಗುತ್ತಿದೆ. ಬರುವ ಲಕೋಟೆಗಳನ್ನು ಅದೇ ದಿನ ಒಡೆಯುತ್ತೇನೆ ಅಂದಿದ್ದಾರೆ.