ಓದುಗರ ಪ್ರಶ್ನೆ: ಸ್ಪಾರ್ಟಾದ ಕಥೆ ಮಕ್ಕಳಿಗೆ ಹೇಗೆ ಹೇಳೋದು?

ಪ್ರಶ್ನೆ: ನನ್ನ ಮಗ ಆರನೇ ಕ್ಲಾಸು. ಸ್ಪಾರ್ಟಾ ಬಗ್ಗೆ ಒಂದು ಮಕ್ಕಳ ಕಾದಂಬರಿ ಓದಿದಾಗಿಂದ, ಬರೀ ಮುನ್ನೂರು ಜನ ಲಕ್ಷಗಟ್ಟಲೆ ಪರ್ಷಿಯನ್ನರನ್ನ ತಡೆದ್ರು ಅಂತ ಮನೆ ತುಂಬ ಹೇಳ್ಕೊಂಡು ಓಡಾಡ್ತಾನೆ. ಇದು ನಿಜಾನಾ ಸರ್?
– ಓದುಗರೊಬ್ಬರು, ಹಾಸನ

ಅರ್ಧ ನಿಜ. ಕ್ರಿ.ಪೂ. 480ರಲ್ಲಿ ಗ್ರೀಸಿನ ಥರ್ಮೋಪಿಲೆ ಅನ್ನೋ ಜಾಗದಲ್ಲಿ, ಒಂದು ಕಡೆ ಬೆಟ್ಟ ಇನ್ನೊಂದು ಕಡೆ ಸಮುದ್ರ ಇರೋ ಇಕ್ಕಟ್ಟು ದಾರೀಲಿ ರಾಜ ಲಿಯೊನಿಡಾಸ್ ಜೊತೆ 300 ಸ್ಪಾರ್ಟನ್ನರು ನಿಂತಿದ್ದು ಹೌದು, ಆದ್ರೆ ಶುರುವಲ್ಲಿ ಬೇರೆ ಬೇರೆ ಗ್ರೀಕ್ ಊರಿನವರೆಲ್ಲ ಸೇರಿ ಅಲ್ಲಿ ಸುಮಾರು 7000 ಜನ ಇದ್ರು. ಎಫಿಯಾಲ್ಟಿಸ್ ಅನ್ನೋ ಅದೇ ಸೀಮೆಯವನು ಗ್ರೀಕರ ಹಿಂದಕ್ಕೆ ಬಂದು ಸೇರೋ ಬೆಟ್ಟದ ಕಾಲುದಾರಿನ ಪರ್ಷಿಯನ್ನರಿಗೆ ತೋರಿಸಿಬಿಟ್ಟ ಮೇಲೆ ಹೆಚ್ಚಿನವರು ವಾಪಸ್ ಹೋದ್ರು. ಆಗಲೂ ಥೆಸ್ಪಿಯೈ ಅನ್ನೋ ಸಣ್ಣ ಊರಿನ 700 ಜನ ಹೋಗಲ್ಲ ಅಂತ ನಿಂತು ಅಲ್ಲೇ ಸತ್ತರು, ಆಮೇಲೆ ಅವರ ಊರನ್ನೂ ಪರ್ಷಿಯನ್ನರು ಸುಟ್ಟು ಹಾಕಿದ್ರು. ಇಂಥವರನ್ನ ಕಥೆಯಿಂದ ಬಿಟ್ಟುಬಿಡ್ತಾರಲ್ಲ, ಅದು ನನಗೆ ನಿಜವಾಗ್ಲೂ ಬೇಜಾರು. ಮಗನಿಗೆ ಥೆಸ್ಪಿಯೈ ಹೆಸರು ಹೇಳಿಕೊಡಿ. ಮ್ಯಾಪ್ ತೆಗೆದು ನೋಡಿದ್ರೆ ಅವನಿಗೆ ಇಕ್ಕಟ್ಟು ದಾರಿ ಕಾಣಲ್ಲ, ಯಾಕಂದ್ರೆ ಇಷ್ಟು ವರ್ಷದಲ್ಲಿ ನದಿ ಮಣ್ಣು ತಂದು ತುಂಬಿ ಸಮುದ್ರ ಕಿಲೋಮೀಟರ್‌ಗಟ್ಟಲೆ ಹಿಂದೆ ಸರಿದಿದೆ, ಅದನ್ನೂ ಹೇಳಿ.

ಪ್ರಶ್ನೆ: ನಾನು ಡಿಗ್ರಿ ಓದ್ತಿದ್ದೀನಿ, ಹೈಸ್ಕೂಲ್ ಮಕ್ಕಳಿಗೆ ಅಂತ ಸ್ಪಾರ್ಟಾದ ಹುಡುಗನ ಮೇಲೆ ಒಂದು ಕಾದಂಬರಿ ಬರೀತಾ ಇದೀನಿ. ಅಲ್ಲಿನ ಕ್ರೌರ್ಯನ ಎಷ್ಟು ತೋರಿಸಬಹುದು? ಹೀರೋ ಅಂದ್ರೆ ಹೀರೋ ಥರ ಇರಬೇಕಲ್ವಾ?
– ಓದುಗರೊಬ್ಬರು, ಧಾರವಾಡ

ಮುಚ್ಚಿಡಬೇಡಮ್ಮ. ಏಳನೇ ವರ್ಷಕ್ಕೆ ಮನೆ ಬಿಡಿಸಿ ತರಬೇತಿಗೆ ಹಾಕೋದು, ವರ್ಷಕ್ಕೆ ಒಂದೇ ಹೊದಿಕೆ, ಯೂರೋಟಾಸ್ ಹೊಳೆ ದಡದ ಜೊಂಡನ್ನ ಚಾಕು ಇಲ್ದೆ ಕೈಯಲ್ಲೇ ಮುರ್ಕೊಂಡು ಬಂದು ಹಾಸಿಗೆ ಮಾಡ್ಕೊಳ್ಳೋದು, ಹೊಟ್ಟೆ ತುಂಬ ಊಟ ಕೊಡದೆ ಕದಿಯೋಕೆ ಬಿಟ್ಟು ಸಿಕ್ಕಿಬಿದ್ರೆ ಹೊಡೆಯೋದು, ಇದನ್ನೆಲ್ಲ ನೀನು ಹೇಗೂ ಬರೀತೀಯ, ಎಲ್ಲರೂ ಬರೀತಾರೆ. ಇದರಲ್ಲಿ ತುಂಬಾನೇ ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳಿದ್ದು, ಅವನು ಇದ್ದಿದ್ದು ಥರ್ಮೋಪಿಲೆ ಆಗಿ ಐನೂರು ವರ್ಷಕ್ಕೂ ಮೇಲೆ, ಅದೊಂದು ನೆನಪಲ್ಲಿರಲಿ.

ನಾನು ಕೇಳೋದು ಬೇರೆ. ಈ ಹುಡುಗರು ದೊಡ್ಡವರಾಗಿ ಇಡೀ ದಿನ ಯುದ್ಧದ ಅಭ್ಯಾಸ ಮಾಡ್ಕೊಂಡು ಇರ್ತಿದ್ರಲ್ಲ, ಅವರ ಹೊಲ ಉಳ್ತಿದ್ದವರು ಯಾರು? ಹೆಲಟ್‌ಗಳು. ಜೀತದವರು, ಸ್ಪಾರ್ಟನ್ನರಿಗಿಂತ ಎಷ್ಟೋ ಪಾಲು ಹೆಚ್ಚು ಜನ. ಯುದ್ಧದಲ್ಲಿ ಚೆನ್ನಾಗಿ ದುಡಿದವರನ್ನ ಬಿಡುಗಡೆ ಮಾಡ್ತೀವಿ ಅಂತ ಹೇಳಿ ಸುಮಾರು 2000 ಹೆಲಟ್‌ಗಳನ್ನ ಆರಿಸಿ, ತಲೆಗೆ ಹೂವಿನ ಹಾರ ಸುತ್ತಿ, ಅವರು ಖುಷಿಯಿಂದ ದೇವಸ್ಥಾನಗಳನ್ನ ಸುತ್ತಿ ಬಂದ ಮೇಲೆ ಎಲ್ಲರನ್ನೂ ಯಾರಿಗೂ ಗೊತ್ತಾಗದ ಹಾಗೆ ಮುಗಿಸಿದ್ರು ಅಂತ ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿದ್ದಾನೆ. ಇದನ್ನ ಬಿಟ್ಟು ಸ್ಪಾರ್ಟಾದ ಶೌರ್ಯ ಮಾತ್ರ ಬರೆದ್ರೆ ಓದೋ ಮಕ್ಕಳಿಗೆ ನಾವು ಸುಳ್ಳು ಹೇಳಿದ ಹಾಗೆ. ಹೈಸ್ಕೂಲ್ ಮಕ್ಕಳು ಇದನ್ನ ತಡ್ಕೊಳ್ತಾರೆ.

ನಿನಗೆ ಒಂದು ಕಥೆ ಕೊಡ್ತೀನಿ, ಈ ಯುದ್ಧದ ಚರಿತ್ರೆ ಬರೆದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನಲ್ಲೇ ಇದೆ. ಥರ್ಮೋಪಿಲೆಯಲ್ಲಿ ಯೂರಿಟಸ್, ಅರಿಸ್ಟೊಡೆಮಸ್ ಅಂತ ಇಬ್ಬರು ಸ್ಪಾರ್ಟನ್ನರಿಗೆ ಕಣ್ಣುಬೇನೆ ಜೋರಾಗಿ, ರಾಜ ಅವರನ್ನ ಹತ್ತಿರದ ಊರಲ್ಲಿ ಮಲಗಿರಿ ಅಂತ ಕಳಿಸಿದ್ದ. ಪರ್ಷಿಯನ್ನರು ಹಿಂದಿನಿಂದ ಬಂದ ಸುದ್ದಿ ಸಿಕ್ಕಿದ್ದೇ ಯೂರಿಟಸ್ ಕವಚ ತರಿಸಿ ತೊಟ್ಟು ತನ್ನ ಹೆಲಟ್‌ಗೆ ನನ್ನನ್ನ ಯುದ್ಧದ ಜಾಗಕ್ಕೆ ಕರ್ಕೊಂಡು ಹೋಗು ಅಂದ. ಹೆಲಟ್ ಕರ್ಕೊಂಡು ಹೋಗಿ ಬಿಟ್ಟು ಅಲ್ಲಿಂದ ಓಡಿಹೋದ, ಇವನು ಒಳಗೆ ನುಗ್ಗಿ ಸತ್ತ. ಅರಿಸ್ಟೊಡೆಮಸ್ ಮನೆಗೆ ಬಂದ, ಊರಲ್ಲಿ ಯಾರೂ ಅವನಿಗೆ ಒಲೆ ಹಚ್ಚೋಕೆ ಬೆಂಕಿ ಕೊಡಲಿಲ್ಲ, ಮಾತೂ ಆಡಲಿಲ್ಲ, ಮುಂದಿನ ವರ್ಷ ಪ್ಲಾಟಿಯಾ ಯುದ್ಧದಲ್ಲಿ ಹುಚ್ಚನ ಹಾಗೆ ಮುನ್ನುಗ್ಗಿ ಪ್ರಾಣ ಬಿಟ್ಟ. ಆ ಹೆಲಟ್ ಏನಾದ, ಅವನ ಹೆಸರೇನು, ಹೆರೊಡೋಟಸ್ ಹೇಳಲ್ಲ. ಕುರುಡಾದ ಯಜಮಾನನ ಕೈ ಹಿಡ್ಕೊಂಡು ಸಾವಿನ ಕಡೆ ನಡೆಸ್ಕೊಂಡು ಹೋಗ್ತಿರೋ ಒಬ್ಬ ಜೀತದ ಹುಡುಗ, ದಾರೀಲಿ ಅವನ ತಲೇಲಿ ಏನು ಓಡ್ತಿತ್ತು? ನಿನ್ನ ಹೀರೋ ಅವನೇ ಅಂತ ನನಗನ್ಸುತ್ತೆ.

ಪ್ರಶ್ನೆ: ಯುದ್ಧದ ಸೀನ್‌ನಲ್ಲಿ ಡೈಲಾಗ್ ಎಷ್ಟಿರಬೇಕು?
– ಅದೇ ಓದುಗರು

ಹೆಚ್ಚುಕಮ್ಮಿ ಬೇಡವೇ ಬೇಡ. ಕೊರಿಂಥ್ ಶೈಲಿಯ ಕಂಚಿನ ಶಿರಸ್ತ್ರಾಣ ಕಿವಿನೂ ಮುಚ್ಚುತ್ತೆ, ಸರಿಯಾಗಿ ಕೇಳಿಸಲ್ಲ. ಗುರಾಣಿ ಅಂದ್ರೆ ಸುಮಾರು 90 ಸೆಂಟಿಮೀಟರ್ ಅಗಲದ ಮರದ ತಟ್ಟೆ, ಏಳು ಕೆ.ಜಿ. ಹತ್ತಿರ ತೂಕ. ಎಡಗೈನ ಮೊಣಕೈವರೆಗೂ ನಡುವಿನ ಪಟ್ಟಿಗೆ ತೂರಿಸಿ ಅಂಚಿನ ಹಿಡಿ ಹಿಡ್ಕೋಬೇಕು, ಅದರ ಎಡ ಭಾಗ ಪಕ್ಕದವನನ್ನ ಕಾಯುತ್ತೆ, ನಿನ್ನ ಬಲಗಡೆಗೆ ಬಲಗಡೆಯವನ ಗುರಾಣಿನೇ ಗತಿ. ಅದಕ್ಕೇ ಭಯ ಬಿದ್ದು ಎಲ್ಲರೂ ಬಲಕ್ಕೆ ಒತ್ತರಿಸಿ ಒತ್ತರಿಸಿ ಇಡೀ ಸಾಲೇ ಬಲಕ್ಕೆ ಜಾರ್ತಿತ್ತು ಅಂತ ಕ್ರಿ.ಪೂ. 418ರ ಮ್ಯಾಂಟಿನಿಯಾ ಯುದ್ಧದ ಬಗ್ಗೆ ಹೇಳುವಾಗ ಥ್ಯುಸಿಡಿಡೀಸ್ ಬರೀತಾನೆ. ಆ ಭುಜಕ್ಕೆ ಭುಜ ಒತ್ತೋದನ್ನ, ಬೆವರನ್ನ, ಧೂಳನ್ನ ಬರಿ, ಮಾತು ಬೇಡ.

ಪ್ರಶ್ನೆ: ನಮ್ಮ ಚರಿತ್ರೆಯೇ ಇಷ್ಟೊಂದು ಇರುವಾಗ ಕನ್ನಡದ ಮಕ್ಕಳಿಗೆ ಗ್ರೀಕರ ಯುದ್ಧ ಯಾಕೆ?
– ಓದುಗರೊಬ್ಬರು, ತುಮಕೂರು

ನಮ್ಮದೂ ಓದಲಿ, ಅದೂ ಓದಲಿ. ಗ್ರೀಸ್ ಮೇಲೆ ದಂಡೆತ್ತಿ ಹೋದ ಪರ್ಷಿಯಾದ ಕ್ಸರ್ಕ್ಸಿಸ್ ದೊರೆಯ ಸೈನ್ಯದಲ್ಲಿ ಹತ್ತಿ ಬಟ್ಟೆ ತೊಟ್ಟ, ಬೆತ್ತದ ಬಿಲ್ಲು ಹಿಡಿದ ಭಾರತೀಯರೂ ಇದ್ರು ಅಂತ ಹೆರೊಡೋಟಸ್ ಬರೆದಿದ್ದಾನೆ, ಅದನ್ನ ಹೇಳಿದ ತಕ್ಷಣ ಮಕ್ಕಳ ಕಿವಿ ನೆಟ್ಟಗಾಗುತ್ತೆ. ಅಲ್ದೆ ಪರ್ಷಿಯನ್ನರ ವಿರುದ್ಧ ಮ್ಯಾರಥಾನ್‌ನಲ್ಲಿ ಸ್ವತಃ ಹೋರಾಡಿದ, ಅದೇ ಯುದ್ಧದಲ್ಲಿ ಅಣ್ಣತಮ್ಮನನ್ನ ಕಳ್ಕೊಂಡ ಗ್ರೀಕ್ ನಾಟಕಕಾರ ಈಸ್ಕಿಲಸ್, ಕ್ರಿ.ಪೂ. 472ರಲ್ಲಿ ನಾಟಕ ಆಡಿಸಿದಾಗ ಗೆದ್ದ ಗ್ರೀಕರನ್ನ ರಂಗದ ಮೇಲೆ ತರಲಿಲ್ಲ, ಮಗನ ದಾರಿ ಕಾಯ್ತಾ ಕೂತ ಪರ್ಷಿಯಾದ ರಾಜಮಾತೆಯನ್ನ ತಂದ. ಆ ನಾಟಕನ ಬಿ.ಎಂ.ಶ್ರೀ ಅವರು ‘ಪಾರಸಿಕರು’ ಅಂತ ಎಷ್ಟೋ ವರ್ಷದ ಹಿಂದೆಯೇ ಕನ್ನಡಕ್ಕೆ ತಂದಿದ್ದಾರೆ. ಮಕ್ಕಳು ಒಬ್ಬೊಬ್ಬರೇ ಓದೋದು ಕಷ್ಟ, ದೊಡ್ಡವರು ಜೊತೆಗೆ ಕೂತು ಓದಿ.